ಅಜ್ಜಿಯ ಏಕಾದಶಿ, ಕರಡಿಯ ಆರು ತಿಂಗಳು

"ಕರಡಿಗಳು ಚಳಿಗಾಲವಿಡೀ ಏನೂ ತಿನ್ನದೆ ಮಲಗುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಏಕಾದಶಿ ದಿನ ಸಂಜೆಯಾಗುವಷ್ಟರಲ್ಲಿ ನನಗೆ ಕೈಕಾಲು ನಡುಗುತ್ತದೆ. 'ಅಜ್ಜಿ, ನಿನ್ನ ಮೈಯಲ್ಲೂ ಬೇಕಾದಷ್ಟು ಕೊಬ್ಬಿದೆಯಲ್ಲ, ಮತ್ತೆ ಯಾಕೆ?' ಎಂದು ಮೊಮ್ಮಗ ಕೇಳುತ್ತಾನೆ. ಏನು ಹೇಳಲಿ?"
— ಬ್ರಹ್ಮಾವರದ ಓದುಗರೊಬ್ಬರು

ಅಮ್ಮ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಎಲ್ಲ ಕರಡಿಗಳೂ ಹಾಗೆ ಮಲಗುವುದಿಲ್ಲ. ನಮ್ಮ ದರೋಜಿ ಕರಡಿಧಾಮದ ಕರಡಿ ವರ್ಷವಿಡೀ ಗೆದ್ದಲು, ಹಣ್ಣು, ಜೇನು ಹುಡುಕಿಕೊಂಡು ಓಡಾಡುತ್ತದೆ. ಆರು ತಿಂಗಳ ಉಪವಾಸ ಅಮೆರಿಕದ ಕಪ್ಪು ಕರಡಿ, ಕಂದು ಕರಡಿಗಳದ್ದು. ನಾವು ಸುಮ್ನೆ "ಕರಡಿಗಳು" ಎಂದು ಬರೆದುಬಿಟ್ಟೆವು.

ಇನ್ನು ಮೊಮ್ಮಗನ ಪ್ರಶ್ನೆ. ಅವನ ಲೆಕ್ಕ ತಪ್ಪಲ್ಲ. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲರಿ ಸಿಕ್ಕಿದರೆ ಒಂದು ಗ್ರಾಂ ಕೊಬ್ಬಿನಿಂದ 9 ಸಿಗುತ್ತದೆ. ಮೈಯಲ್ಲಿ ಹತ್ತು ಕಿಲೋ ಕೊಬ್ಬಿದ್ದರೆ, ಲೆಕ್ಕದ ಮಟ್ಟಿಗೆ, ಒಂದು ತಿಂಗಳ ಊಟ ಅಲ್ಲೇ ಕೂತಿದೆ. ಹಾಗಾಗಿ ನಿಮ್ಮ ನಡುಕ ದಾಸ್ತಾನು ಮುಗಿದದ್ದಕ್ಕಲ್ಲ. ಮೂರು ಹೊತ್ತು ಉಣ್ಣುವ ಮೈಗೆ ಸಕ್ಕರೆಯ ಅಭ್ಯಾಸ. ಕೊಬ್ಬಿನತ್ತ ಪೂರ್ತಿ ಹೊರಳಲು ಅದಕ್ಕೆ ಸಮಯ ಬೇಕು. (ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಡಾಕ್ಟರರನ್ನು ಕೇಳದೆ ಉಪವಾಸ ಮಾಡಬೇಡಿ.)

ಮಳೆಗಾಲದ ಆಟಿ ತಿಂಗಳಿಗೆಂದು ನಾವು ಹಪ್ಪಳ, ಉಪ್ಪಿನ ಸೊಳೆ, ಒಣಮೀನು ಕೂಡಿಡುತ್ತೇವಲ್ಲ, ಕರಡಿ ಅದನ್ನೇ ಚರ್ಮದ ಕೆಳಗೆ ಮಾಡುತ್ತದೆ. ಇಲಿ ತಿನ್ನುವ ಭಯವಿಲ್ಲ, ಬೂಸ್ಟು ಹಿಡಿಯುವ ಭಯವಿಲ್ಲ. ಚಳಿಗೆ ಮುಂಚೆ ದಿನಕ್ಕೆ 20,000 ಕಿಲೋಕ್ಯಾಲರಿವರೆಗೂ ತಿನ್ನುತ್ತದೆ. ಆಮೇಲೆ ಖರ್ಚು ಇಳಿಸುತ್ತದೆ. ಅಲಾಸ್ಕಾದ ಕಪ್ಪು ಕರಡಿಗಳನ್ನು ಅಳೆದು ನೋಡಿದಾಗ ಮೈ ಬಿಸಿ ಇಳಿದದ್ದು ಬರೀ ಐದಾರು ಡಿಗ್ರಿ. ಆದರೆ ಒಳಗಿನ ಒಲೆ ಉರಿಯುತ್ತಿದ್ದದ್ದು ಕಾಲು ಭಾಗ ಮಾತ್ರ. ನಿಮಗೆ ಏಕಾದಶಿ ದಿನವೂ ಅಂಗಳ ಗುಡಿಸಲಿಕ್ಕಿರುತ್ತದೆ, ಮಠಕ್ಕೆ ಹೋಗಿ ಬರಲಿಕ್ಕಿರುತ್ತದೆ.

ಕರಡಿಯದ್ದು ನಿರ್ಜಲ ಉಪವಾಸ ಕೂಡ. 100 ಗ್ರಾಂ ಕೊಬ್ಬು ಉರಿದರೆ ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ನೀರು ಹುಟ್ಟುತ್ತದೆ. ಕರಡಿ ಮೂತ್ರವನ್ನೂ ಹೊರಗೆ ಬಿಡುವುದಿಲ್ಲ. ಅದರಲ್ಲಿನ ಯೂರಿಯಾದಿಂದ ಮತ್ತೆ ಪ್ರೋಟೀನು ಕಟ್ಟಿಕೊಳ್ಳುತ್ತದೆ. ಅಷ್ಟು ತಿಂಗಳು ಮಲಗಿದರೂ ಮಾಂಸಖಂಡ ಅಷ್ಟಾಗಿ ಸೊರಗದೆ ಇರುವುದಕ್ಕೆ ಇದೂ ಒಂದು ಕಾರಣ.

ನನ್ನನ್ನು ಕೇಳಿದರೆ ಕರಡಿಗಿಂತ ನೆಲ ಅಳಿಲು ದೊಡ್ಡ ಆಸಾಮಿ. ಉತ್ತರ ಧ್ರುವದ ಸಮೀಪದ ಈ ಅಳಿಲಿನ ಮೈ ಬಿಲದೊಳಗೆ −2.9 ಡಿಗ್ರಿಗೆ ಇಳಿದದ್ದನ್ನು ಅಳೆದಿದ್ದಾರೆ. ನಮ್ಮ ಫ್ರಿಜ್ಜಿಗಿಂತ ತಣ್ಣಗೆ! ಎರಡು ಮೂರು ವಾರಕ್ಕೊಮ್ಮೆ ಅದು ಎದ್ದು ಮೈಯನ್ನು 37 ಡಿಗ್ರಿಯ ಹತ್ತಿರಕ್ಕೆ ತಂದು, ದಿನ ಕಳೆಯುವುದರೊಳಗೆ ಮತ್ತೆ ತಣ್ಣಗಾಗುತ್ತದೆ. ಕೂಡಿಟ್ಟ ಕೊಬ್ಬಿನಲ್ಲಿ ಹೆಚ್ಚು ಪಾಲು ಖರ್ಚಾಗುವುದು ಈ ಏಳುವುದಕ್ಕೇ, ಮಲಗುವುದಕ್ಕಲ್ಲ. ಒಲೆ ಹೊತ್ತಿಸುವ ಕೆಲಸ ಕಂದು ಕೊಬ್ಬಿನದ್ದು. ಬಿಳಿ ಕೊಬ್ಬು ಉಗ್ರಾಣವಾದರೆ ಇದು ಹೀಟರು. ಹುಟ್ಟಿದ ಕೂಸುಗಳ ಬೆನ್ನಿನಲ್ಲೂ ಇರುತ್ತದೆ. ನಿಮ್ಮ ಮೊಮ್ಮಗನಿಗೂ ಇತ್ತು.

ಅಷ್ಟು ಚಳಿಯಲ್ಲಿ ಕೊಬ್ಬು ಹೆಪ್ಪುಗಟ್ಟುವುದಿಲ್ಲವಾ? ಡಿಸೆಂಬರ್ ಬೆಳಿಗ್ಗೆ ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆ ಬಾಟಲಿ ಗಟ್ಟಿಯಾಗುತ್ತದೆ ಅಲ್ವಾ, ಎಳ್ಳೆಣ್ಣೆ ಆಗುವುದಿಲ್ಲ. ಅಳಿಲಿಗೆ ಬೇಕಾದದ್ದು ಎಳ್ಳೆಣ್ಣೆಯ ಜಾತಿಯ ಕೊಬ್ಬು. ಅದರಲ್ಲಿರುವ ಲಿನೋಲಿಯಿಕ್ ಆಮ್ಲವನ್ನು ಸಸ್ತನಿಗಳ ಮೈ ತಾನಾಗಿ ತಯಾರಿಸಲಾರದು, ಬೀಜ, ಸೊಪ್ಪುಗಳಿಂದಲೇ ಬರಬೇಕು. ಅದನ್ನು ಚೆನ್ನಾಗಿ ತಿಂದ ನೆಲ ಅಳಿಲುಗಳು ಹೆಚ್ಚು ಹೊತ್ತು ತಣ್ಣಗೆ ಮಲಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ಎಷ್ಟು ತಿಂದರು ಎಂಬುದರ ಜೊತೆಗೆ ಏನು ತಿಂದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೊಮ್ಮಗನ ಕೈಯಲ್ಲೇ ಎರಡು ಬಟ್ಟಲಲ್ಲಿ ಎರಡೂ ಎಣ್ಣೆ ಹಾಕಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡಿಸಿ. ಬೆಳಿಗ್ಗೆ ಒಂದನ್ನು ಸುರಿಯಬಹುದು, ಇನ್ನೊಂದನ್ನು ಚಮಚದಲ್ಲಿ ಕೆರೆಯಬೇಕು.

— ಸಂ.