ಜಲವರ್ಣ ಮಾತ್ರ ಗೊತ್ತಿದೆ. ಮೊಟ್ಟೆಯ ಬಣ್ಣದಲ್ಲಿ (ಎಗ್ ಟೆಂಪೆರಾ) ಚಿತ್ರ ಬರೆಯುವುದನ್ನು ಮನೆಯಲ್ಲೇ ಕಲಿಯಬಹುದಾ?

ಖಂಡಿತ ಕಲಿಯಬಹುದು. ಆದರೆ ಜಲವರ್ಣದ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಒದ್ದೆ ಬಣ್ಣದೊಳಗೆ ಇನ್ನೊಂದು ಬಣ್ಣ ಹರಿಸುವ ಆಟ ಇಲ್ಲಿ ನಡೆಯುವುದಿಲ್ಲ. ಟೆಂಪೆರಾ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದ ಪುಡಿ, ಹಚ್ಚಿದ ಕೆಲವೇ ಸೆಕೆಂಡಿನಲ್ಲಿ ಒಣಗುತ್ತದೆ. ಕೆನ್ನೆಯ ನೆರಳು ಬೇಕಾದರೂ ಸಣ್ಣ ಬ್ರಶ್ಶಿನಿಂದ ಗೆರೆಯ ಪಕ್ಕ ಗೆರೆ, ಗೆರೆಯ ಮೇಲೆ ಗೆರೆ ಎಳೆದೇ ತರಬೇಕು. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯತ್ 1948ರಲ್ಲಿ ಟೆಂಪೆರಾದಲ್ಲೇ ಬರೆದ 'ಕ್ರಿಸ್ಟಿನಾಸ್ ವರ್ಲ್ಡ್' ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ, ಬರೀ ಹುಲ್ಲನ್ನು ನೋಡಿ. ನಾನು ಹೇಳುತ್ತಿರುವುದು ತಕ್ಷಣ ಗೊತ್ತಾಗುತ್ತದೆ.

ಮೊಟ್ಟೆಯ ಕೆಲಸ ಹೀಗೆ. ಬಿಳಿ ಭಾಗ ತೆಗೆದು, ಹಳದಿಯನ್ನು ಒಡೆಯದೆ ಒಂದು ಅಂಗೈಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಿ. ಖಾಲಿಯಾದ ಕೈಯನ್ನು ಪ್ರತಿ ಸಲವೂ ಒರೆಸಿಕೊಳ್ಳಿ. ಲೋಳೆ ಪೂರ್ತಿ ಹೋದ ಮೇಲೆ ಎರಡು ಬೆರಳಲ್ಲಿ ಮೆತ್ತಗೆ ಎತ್ತಿ ಹಿಡಿದು, ಕೆಳಗೆ ಬಟ್ಟಲಿಟ್ಟು ಸೂಜಿಯಲ್ಲಿ ಚುಚ್ಚಿ. ಹಳದಿ ಕೆಳಗಿಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ಅದನ್ನು ಎಸೆದು, ಹಳದಿಗೆ ಒಂದೆರಡು ಚಮಚ ನೀರು ಸೇರಿಸಿ. ನಮ್ಮ ಸೆಕೆಗೆ ಇದು ಬೇಗ ನಾರುತ್ತದೆ, ದಿನಾ ಹೊಸದು ಮಾಡಿಕೊಳ್ಳಿ.

ಬಣ್ಣದ ಪುಡಿಯನ್ನು ಬೇರೆಯಾಗಿ ನೀರಲ್ಲಿ ಅರೆದು ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಅದಕ್ಕೆ ಹೆಚ್ಚುಕಡಿಮೆ ಸಮ ಅಳತೆಯಲ್ಲಿ ಮೊಟ್ಟೆ. ಹದ ಸರಿಯಿದೆಯಾ ಎಂದು ತಿಳಿಯಲು ಗಾಜಿನ ಚೂರಿನ ಮೇಲೆ ಸ್ವಲ್ಪ ಹಚ್ಚಿ, ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಿರಿ. ತೆಳು ಪೊರೆಯಾಗಿ ಎದ್ದು ಬಂದರೆ ಸರಿ. ಪುಡಿಪುಡಿಯಾದರೆ ಮೊಟ್ಟೆ ಸಾಲದು. ನನ್ನ ಮಟ್ಟಿಗೆ ಕಲಿಯಬೇಕಾದ ವಿದ್ಯೆಯಲ್ಲಿ ಅರ್ಧ ಇದೇ. ಒಂದೊಂದು ಪುಡಿಯೂ ಒಂದೊಂದು ಅಳತೆ ಕೇಳುತ್ತದೆ.

ಹಳದಿಯಿಂದ ಬಿಳಿ ಬಣ್ಣ ಕೆಡುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಒಣಗುತ್ತಾ ಆ ಛಾಯೆ ಹೋಗಿಬಿಡುತ್ತದೆ. ಆದರೂ ಸುಮಾರು 1400ರಲ್ಲಿ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ತನ್ನ ಕೈಪಿಡಿಯಲ್ಲಿ ಎಳೆಯ ಮುಖಗಳಿಗೆ ಪೇಟೆ ಕೋಳಿಯ ಮೊಟ್ಟೆ, ವಯಸ್ಸಾದವರ ಮುಖಕ್ಕೆ ಹಳ್ಳಿ ಕೋಳಿಯ ಮೊಟ್ಟೆ ಎಂದು ಬರೆದಿದ್ದಾನೆ. ಹಳ್ಳಿಯದರ ಹಳದಿ ಜಾಸ್ತಿ ಕೆಂಪಂತೆ! ನೀವು ಫಾರಂ ಮೊಟ್ಟೆಯನ್ನೇ ತನ್ನಿ, ಸಾಕು.

ಕ್ಯಾನ್ವಾಸ್ ಬೇಡ. ಅದು ಬಾಗಿದರೆ ಬಣ್ಣ ಬಿರುಕು ಬಿಡುತ್ತದೆ. ಇಟಲಿಯ ಹಳೆಯ ಚಿತ್ರಕಾರ ಬೊಟಿಚೆಲ್ಲಿ 'ವೀನಸ್' ಬರೆದದ್ದು ಬಟ್ಟೆಯ ಮೇಲೇ ಅಲ್ವಾ ಅಂದರೆ, ಹೌದು, ಆದರೆ ಅವನ ಕೈ ಬೇರೆ. ಪ್ಲೈವುಡ್ ತುಂಡಿಗೆ ಬಿಸಿ ಪ್ರಾಣಿಜನ್ಯ ಅಂಟಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಹಲವು ಪದರ ಬಳಿದು, ಉಪ್ಪುಕಾಗದದಲ್ಲಿ ನುಣುಪು ಮಾಡಿ. ಅಂಗಡಿಯ ಅಕ್ರಿಲಿಕ್ ಗೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯುವ ರೆಡಿಮೇಡ್ ಬಿಳಿ ತಳಪದರ) ನೀರು ಹೀರುವುದು ಕಡಿಮೆ, ಅದರ ಮೇಲೆ ಟೆಂಪೆರಾ ಸರಿಯಾಗಿ ಕೂರುವುದಿಲ್ಲ.

ಬಣ್ಣ ನಾಲ್ಕೇ ಸಾಕು: ಯೆಲ್ಲೊ ಓಕರ್ (ಹಳದಿ ಮಣ್ಣಿನ ಬಣ್ಣ), ಕಾವಿ ಕೆಂಪು, ಕಪ್ಪು, ಟೈಟಾನಿಯಂ ಬಿಳಿ. ಸೀಸದ ಬಿಳಿ, ಪಾದರಸದ ಕೆಂಪು ಮುಟ್ಟಬೇಡಿ, ಅವು ವಿಷ. ಯಾವ ಪುಡಿ ಕಲಸುವಾಗಲೂ ಮಾಸ್ಕ್ ಇರಲಿ. ಕರಾವಳಿ ಅಥವಾ ಮಲೆನಾಡಿನವರಾದರೆ ಮಳೆಗಾಲ ಮುಗಿದ ಮೇಲೆ ಶುರು ಮಾಡಿ. ಹೊಸ ಚಿತ್ರಕ್ಕೆ ಬೂಷ್ಟು ಹಿಡಿಯುವುದು ಮಳೆಗಾಲದಲ್ಲೇ.