ಮರದಿಂದ ಇಳಿದ ಮೇಲೆ

ಪತ್ರದ ಸಾರ: ನಾನು ಶಿರಸಿ ಸೀಮೆಯ ಕೊನೆಗೌಡ, ಅಂದರೆ ಅಡಿಕೆ ಮರ ಏರಿ ಕೊನೆ (ಗೊಂಚಲು) ಇಳಿಸುವವನು, ಮದ್ದು ಹೊಡೆಯುವವನು. ವಯಸ್ಸು 46. ಮಂಡಿನೋವಿನಿಂದ ಮರ ಏರುವುದು ಕಷ್ಟವಾಗಿದೆ. ಈ ವರ್ಷ ಎರಡು ತೋಟದವರು ನೆಲದಲ್ಲಿ ನಿಂತೇ ಉದ್ದನೆಯ ಫೈಬರ್ ದೋಟಿಯಿಂದ (ಗಳದಿಂದ) ಕೊನೆ ಇಳಿಸುವವರನ್ನು ಕರೆಸುತ್ತೇವೆ ಎಂದಿದ್ದಾರೆ. ಮಗ ಗೋವಾದ ಹೋಟೆಲ್ ಕೆಲಸಕ್ಕೆ ಕರೆಯುತ್ತಿದ್ದಾನೆ. ಕಸುಬು ಬಿಟ್ಟುಬಿಡಲೇ?

ಮಾನ್ಯರೇ,

ಮೊದಲಿಗೆ, ಇನ್ನೊಂದು ಮಳೆಗಾಲ ಆ ಮಂಡಿಯಲ್ಲಿ ಪಾಚಿಗಟ್ಟಿದ ಮರ ಏರಬೇಡಿ. ಆದರೆ ಮರ ಏರುವುದನ್ನು ಬಿಟ್ಟರೆ ಕಸುಬನ್ನೇ ಬಿಟ್ಟಂತೆ ಎಂದು ನಾನು ಒಪ್ಪಲಾರೆ. ಹಸಿರಿದ್ದಾಗಲೇ ಕೊಯ್ದು ಬೇಯಿಸುವ ಕೆಂಪಡಿಕೆಗೆ ಯಾವ ಕೊನೆಯನ್ನು ಈಗ ಇಳಿಸಬೇಕು, ಹಣ್ಣಾದ ಮೇಲೆ ಒಣಗಿಸುವ ಚಾಲಿ ಅಡಿಕೆಗೆಂದು ಯಾವುದು ಮರದಲ್ಲೇ ಹಣ್ಣಾಗಬೇಕು ಎಂಬುದನ್ನು ನೆಲದ ಮೇಲೆ ನಿಂತೇ ಹೇಳಬಲ್ಲವರು ನೀವು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಮದ್ದಿನ ವಿಷಯವೂ ಹಾಗೆಯೇ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಅದರ ಮೇಲೆ ತಾಮ್ರದ ಕೆಂಪು ಕೂತಿದೆಯೇ ಎಂದು ನೋಡಿ, ಕೂತಿದ್ದರೆ ಮತ್ತಷ್ಟು ಸುಣ್ಣ ಸೇರಿಸುವ ತಾಳ್ಮೆ ದೋಟಿ ಕೊಂಡವರಿಗೆಲ್ಲ ತಾನಾಗಿ ಬರುವುದಿಲ್ಲ.

ಆದ್ದರಿಂದ ದೋಟಿ ಕಲಿಯಿರಿ. ಕತ್ತು, ತೋಳು ನೋಯುತ್ತವೆ, ಗುರಿ ಕೂರಲು ದಿನ ಹಿಡಿಯುತ್ತದೆ. ಬಿದ್ದು ಸೊಂಟ ಮುರಿಯುವ ಭಯ ಮಾತ್ರ ಇರುವುದಿಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ದೋಟಿ ಯಾರದ್ದಾಗಿರುತ್ತದೆ ಎಂಬುದರ ಬಗ್ಗೆ. ನಮ್ಮ ಕರಾವಳಿಯಲ್ಲಿ 1970ರ ದಶಕದಲ್ಲಿ ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳು ಬಂದಾಗ, ಊರಿನವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡನ್ನು ಗುರುತಿಸುತ್ತಿದ್ದವರ ಅರಿವೇನೂ ಹಳತಾಗಿರಲಿಲ್ಲ. ಬೋಟು ಕೊಳ್ಳುವ ಶಕ್ತಿ ಇಲ್ಲದವರು ಅದೇ ಅರಿವನ್ನು ಹೊತ್ತು ಬೇರೆಯವರ ಬೋಟಿನಲ್ಲಿ ಕೂಲಿಗೆ ನಿಲ್ಲಬೇಕಾಯಿತು. ನಿಮಗೆ ಹಾಗಾಗಬಾರದು. ಹತ್ತಾರು ಸಾವಿರ ರೂಪಾಯಿಯ ದೋಟಿ ಒಬ್ಬರಿಗೆ ಭಾರವೇ. ಅಕ್ಕಪಕ್ಕದ ನಾಲ್ವರು ಕೊನೆಗೌಡರು ಸೇರಿ ಕೊಳ್ಳಿ, ನಿಮ್ಮ ಸಹಕಾರಿ ಸಂಘದಲ್ಲಿ ಸಾಲ ವಿಚಾರಿಸಿ. ತೋಟಿಗರು ಒಗ್ಗೂಡಿ 1923ರಲ್ಲೇ ಮಾರಾಟ ಸಂಘ ಕಟ್ಟಿಕೊಂಡ ಊರು ಶಿರಸಿ. ತೋಟದ ಒಡೆಯರಿಗೆ ಸಾಧ್ಯವಾದದ್ದು ಕೊನೆ ಇಳಿಸುವವರಿಗೂ ಸಾಧ್ಯವಾಗಬೇಕು.

ಮಗನ ಕರೆಯಲ್ಲಿ ಪ್ರೀತಿಯಿದೆ, ಅದನ್ನು ತಳ್ಳಿಹಾಕಬೇಡಿ. ಒಂದು ಕೊಯ್ಲಿನವರೆಗೆ ಕಾಯಲು ಹೇಳಿ. ಆ ಎರಡು ತೋಟದವರನ್ನು ಈ ವಾರವೇ ಕಂಡು, ಮೊದಲ ಮದ್ದನ್ನು ನಾವೇ ದೋಟಿಯಲ್ಲಿ ಹೊಡೆಯುತ್ತೇವೆಂದು ಮಾತಾಡಿ. ಅವರು ಏನೆಂದರು ಎಂಬುದನ್ನು ನನಗೆ ಬರೆಯಿರಿ.

— ಸಂಪಾದಕ