ಎಸ್‌ಯುವಿ ನಡುಗುತ್ತಿದೆ, ‘ಹೊರಗೆ ಟೈರ್ ಹಾಕಿಸಿದ್ದೀರಿ, ವಾರಂಟಿ ಇಲ್ಲ’ ಅನ್ನುತ್ತಿದ್ದಾರೆ. ಈಗೇನು ಮಾಡಲಿ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ನಿಮ್ಮದು ಆಟೊಮ್ಯಾಟಿಕ್ ಗೇರ್‌ನ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ) ಎಸ್‌ಯುವಿ. ಗಂಟೆಗೆ 70ರಿಂದ 90 ಕಿ.ಮೀ. ವೇಗದಲ್ಲಿ ಇಡೀ ಗಾಡಿ ಸಣ್ಣಗೆ ನಡುಗುತ್ತದೆ. ಸರ್ವಿಸ್ ಸೆಂಟರ್‌ನವರು ವೀಲ್ ಬ್ಯಾಲೆನ್ಸಿಂಗ್ ಮಾಡಿ ಕಳಿಸಿದರು, ನಡುಕ ಹೋಗಲಿಲ್ಲ. ಮತ್ತೆ ಹೋದರೆ “ಈ ಮಾಡೆಲ್ ಇರುವುದೇ ಹೀಗೆ” ಅಂದರು. ಪಟ್ಟು ಹಿಡಿದು ಕೇಳಿದಾಗ “ಮುಂದಿನ ಎರಡು ಟೈರ್ ಹೊರಗೆ ಹಾಕಿಸಿದ್ದೀರಿ, ವಾರಂಟಿ ಬರುವುದಿಲ್ಲ” ಅಂದರು. ವಾರಂಟಿ ಮುಗಿಯಲು ಇನ್ನು ಕೆಲವೇ ತಿಂಗಳು.

ವಾರಂಟಿ ಜಗಳ ಒಂದು ವಾರ ಪಕ್ಕಕ್ಕಿಡಿ. ನಡುಕ ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದೆ ಜಗಳಕ್ಕೆ ಇಳಿದರೆ ಅವರು ಟೈರ್ ಅನ್ನುತ್ತಾರೆ, ನೀವು ಅಲ್ಲ ಅನ್ನುತ್ತೀರಿ, ಅಲ್ಲಿಗೇ ನಿಲ್ಲುತ್ತದೆ. ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಖಚಿತವಾಗಿ ಹೇಳಬಲ್ಲಿರಾದರೆ ಆ ಟೈರ್ ವಾದಕ್ಕೆ ಹುರುಳಿದೆಯೋ ಇಲ್ಲವೋ ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ಮೊದಲು ಸುಲಭದ ಪರೀಕ್ಷೆ. ನಡುಕ ಬರುವ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ಹೆಚ್ಚುಕಡಿಮೆ ಅಷ್ಟೇ ಇರುವಾಗಲೇ ನಡುಕ ನಿಂತುಹೋಯಿತಾ? ಹಾಗಾದರೆ ಅದು ಚಕ್ರದ ಬ್ಯಾಲೆನ್ಸ್ ಸಮಸ್ಯೆ ಆಗಿರುವ ಸಾಧ್ಯತೆ ತೀರಾ ಕಡಿಮೆ. ಬ್ಯಾಲೆನ್ಸ್ ತಪ್ಪಿದ ಚಕ್ರಕ್ಕೆ ನೀವು ಆಕ್ಸಿಲರೇಟರ್ ಒತ್ತಿದ್ದೀರೋ ಬಿಟ್ಟಿದ್ದೀರೋ ಗೊತ್ತಾಗುವುದಿಲ್ಲ. ಅದು ತಿರುಗುವಷ್ಟು ಹೊತ್ತೂ ಕುಣಿಯುತ್ತದೆ. ಎರಡನೆಯದು, ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಅದೇ ವೇಗದಲ್ಲಿ ಒಂದು ಗೇರ್ ಕೆಳಗೆ ಇಳಿಸಿ. ಆಗಲೂ ನಡುಕ ಅದೇ ವೇಗಕ್ಕೆ ಅಂಟಿಕೊಂಡಿದ್ದರೆ ಚಕ್ರ, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ಕಡೆ ನೋಡಬೇಕು. ನಡುಕ ಬರುವ ವೇಗ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಜೊತೆ ಬದಲಾದರೆ ಇಂಜಿನ್ ಅಥವಾ ಅದನ್ನು ಹಿಡಿದಿಡುವ ಮೌಂಟ್. ಗೇರ್ ಇಳಿಸಿದ ಕೂಡಲೇ ಪೂರ್ತಿ ಮಾಯವಾದರೆ ಗೇರ್‌ಬಾಕ್ಸ್‌ನ ಲಾಕಪ್ ಮೇಲೆ ಅನುಮಾನ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲೆಕ್ಕದಿಂದಲೂ ಹಿಡಿಯಬಹುದು. ಫೋನ್‌ನ ಚಲನೆಯ ಸೆನ್ಸರ್ ಬಳಸಿ ಕಂಪನದ ಫ್ರೀಕ್ವೆನ್ಸಿ ತೋರಿಸುವ ಆ್ಯಪ್‌ಗಳು ಸಿಗುತ್ತವೆ. ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಟ್ಟು ಸೀಟಿನ ಹಳಿಗೆ ಒತ್ತಿ ಹಿಡಿಯಲು ಹೇಳಿ. 235/65 ಆರ್17 ಅಳತೆಯ ಟೈರ್‌ನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ. ಹಾಗಾಗಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಹಾಕುವ ಸುತ್ತು) 4 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ 40ರ ಹತ್ತಿರ. ಇಂಜಿನ್ 1800 ಆರ್‌ಪಿಎಂನಲ್ಲಿದ್ದರೆ 30 ಸುತ್ತು, ನಾಲ್ಕು ಸಿಲಿಂಡರ್ ಆದರೆ ಅದರ ಸ್ಫೋಟಗಳು ಸೆಕೆಂಡಿಗೆ 60. ಆ್ಯಪ್‌ನಲ್ಲಿ 10 ಹರ್ಟ್ಜ್ (ಸೆಕೆಂಡಿಗೆ 10 ಸಲ) ಹತ್ತಿರ ಚೂಪಾದ ಗೆರೆ ಎದ್ದರೆ ಟೈರ್ ಅಂದವರ ಮಾತು ಸರಿ ಇರಬಹುದು. 40ರ ಹತ್ತಿರ ಎದ್ದರೆ ಚಕ್ರವನ್ನು ಎಷ್ಟು ಸಲ ಬ್ಯಾಲೆನ್ಸ್ ಮಾಡಿದರೂ ಅಷ್ಟೇ. ನಿಮ್ಮ ಟೈರ್ ಅಳತೆ ಬೇರೆ ಇದ್ದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ವಿಧಾನ ಇದೇ.

ನೀವು ಬರೆದ ಒಂದು ಸಾಲು ಮಾತ್ರ ನನಗೆ ಬಹಳ ಪರಿಚಿತ ಅನ್ನಿಸಿತು. “ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಒತ್ತಿದಾಗ ಜಾಸ್ತಿ, ಜೋರಾಗಿ ಒತ್ತಿದರೆ ಇಲ್ಲ” ಅಂದಿದ್ದೀರಿ. ಇದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಗಳಿಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್‌ನಲ್ಲಿ ಲಾಕಪ್ ಕ್ಲಚ್ ಅದುರುವ ಲಕ್ಷಣ. ಒಂದೇ ವೇಗದಲ್ಲಿ ಹೋಗುವಾಗ ಇಂಧನ ಉಳಿಸಲು ಕನ್ವರ್ಟರ್ ಒಳಗಿನ ಈ ಕ್ಲಚ್ ಕಚ್ಚಿಕೊಳ್ಳುತ್ತದೆ. ಗೇರ್ ಎಣ್ಣೆ ಹಳತಾಗಿದ್ದರೆ ಅಥವಾ ಕ್ಲಚ್‌ನ ಮೇಲ್ಮೈ ಸವೆದಿದ್ದರೆ ಪೂರ್ತಿ ಕಚ್ಚದೆ ಕಚ್ಚಿ-ಜಾರಿ, ಕಚ್ಚಿ-ಜಾರಿ ಆಗುತ್ತದೆ. ಒಳಗೆ ಕೂತವರಿಗೆ ರಸ್ತೆಗೆ ಅಡ್ಡ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಓಡಿದ ಹಾಗೆ ಅನ್ನಿಸುತ್ತದೆ. ಜೋರಾಗಿ ಒತ್ತಿದರೆ ಲಾಕಪ್ ಬಿಟ್ಟುಕೊಳ್ಳುತ್ತದೆ, ನಡುಕವೂ ಹೋಗುತ್ತದೆ. ಆರ್‌ಪಿಎಂ ಮುಳ್ಳನ್ನು ಗಮನಿಸಿ. ನಡುಗುವಾಗ ಅದು ಸಣ್ಣಗೆ ತಡವರಿಸಿದರೆ ಅನುಮಾನ ಇನ್ನೂ ಗಟ್ಟಿ. ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಬ್ರೇಕ್ ತಾಗಿಸಿದರೂ ಬಹಳಷ್ಟು ಗಾಡಿಗಳಲ್ಲಿ ಲಾಕಪ್ ಬಿಡುತ್ತದೆ. ಆದರೆ ಆ ಪರೀಕ್ಷೆಗೆ ಎಡಗಾಲು ಬೇಕು, ಅಭ್ಯಾಸ ಇಲ್ಲದ ಎಡಗಾಲು ಬ್ರೇಕನ್ನು ಗಪ್ಪನೆ ಒತ್ತಿಬಿಡುತ್ತದೆ. ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಇದರಲ್ಲಿ ಇನ್ನೊಂದು ಕಿತಾಪತಿ ಇದೆ. ಈ ನಡುಕ ಎಷ್ಟೋ ಸಲ ಗೇರ್ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಳ್ಳುತ್ತದೆ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಹಿಂದಿನ ಸಂಜೆ ಗಾಡಿ ಬಿಟ್ಟು ಬರುತ್ತಿದ್ದೆ. ಅವರು ಬೆಳಿಗ್ಗೆ ತಣ್ಣಗಿದ್ದ ಗಾಡಿಯನ್ನು ಸುತ್ತಮುತ್ತಲ ರಸ್ತೆಯಲ್ಲಿ ಒಂದು ಸುತ್ತು ಹೊಡೆದು “ದೋಷ ಕಂಡುಬಂದಿಲ್ಲ” ಅಂತ ಬರೆದು ಕೊಡುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಕಂಡಿರಲಿಲ್ಲ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ, ಇಂಜಿನ್ ಆರಿಸದೆ ನೇರ ಅವರ ಬಾಗಿಲಿಗೆ ಹೋಗಿ, ಟೆಕ್ನಿಶಿಯನ್‌ನನ್ನು ಹತ್ತಿಸಿಕೊಂಡು ಹೊರಟ ದಿನ ವಾದ ಮುಗಿಯಿತು. ನೀವೂ ಹಾಗೇ ಮಾಡಿ. “ನನ್ನ ಜೊತೆ ಟೆಸ್ಟ್ ಡ್ರೈವ್‌ಗೆ ಬನ್ನಿ” ಅಂತ ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಈಗ ಟೈರ್ ವಿಷಯ. ಇದು ಪೂರ್ತಿ ಕುಂಟುನೆಪ ಅಂತ ನಾನು ಹೇಳಲಾರೆ. ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. ಹೊಸ ಟೈರ್‌ನ ಟ್ರೆಡ್ (ಮೇಲ್ಮೈ ಗೀರುಗಳ ಆಳ) 8 ಮಿ.ಮೀ., ಹಳೆಯದು 4 ಮಿ.ಮೀ. ಅಂತಿಟ್ಟುಕೊಳ್ಳಿ. ಮೇಲಿನ ಅಳತೆಯ ಟೈರ್‌ನಲ್ಲಿ ಅದು ಶೇ 1ರಷ್ಟು ವ್ಯತ್ಯಾಸ. ಕೇಳಲು ಸಣ್ಣದು. ಆದರೆ ಪ್ರತಿ ಕಿಲೋಮೀಟರಿಗೆ ಹಿಂದಿನ ಚಕ್ರ ನಾಲ್ಕೈದು ಸುತ್ತು ಜಾಸ್ತಿ ಹೊಡೆಯಬೇಕು. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಕಪ್ಲಿಂಗ್ ಆ ವ್ಯತ್ಯಾಸವನ್ನು ನುಂಗಿಕೊಂಡು ಬಿಸಿಯಾಗುತ್ತದೆ. ಅದಕ್ಕೇ ಹಲವು ಕಂಪನಿಗಳು ನಾಲ್ಕೂ ಟೈರ್ ಒಟ್ಟಿಗೆ ಬದಲಿಸಿ, ಇಲ್ಲವೇ ಟ್ರೆಡ್ ವ್ಯತ್ಯಾಸ ಎರಡು-ಮೂರು ಮಿಲಿಮೀಟರ್ ಒಳಗಿರಲಿ ಅನ್ನುತ್ತವೆ. ನಿಮ್ಮ ಓನರ್ಸ್ ಮ್ಯಾನ್ಯುಯಲ್ ತೆಗೆದು ಆ ಮಿತಿ ಎಷ್ಟು ನೋಡಿ. ಟ್ರೆಡ್ ಗೇಜ್‌ನಿಂದ ನಾಲ್ಕೂ ಟೈರ್ ಅಳೆದು ಫೋಟೊ ತೆಗೆದಿಡಿ. ಮಿತಿಯ ಒಳಗಿದ್ದರೆ ಅವರ ವಾದ ಅಲ್ಲೇ ಬಿತ್ತು.

ಮಿತಿ ಮೀರಿದ್ದರೂ ಕಥೆ ಮುಗಿಯಲಿಲ್ಲ. ಕಪ್ಲಿಂಗ್ ಕೆಟ್ಟರೆ ಅದರ ಲಕ್ಷಣ ಬೇರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಗಾಡಿ ತಡೆದು ತಡೆದು ಎಳೆಯುತ್ತದೆ, ಗುರುಗುಟ್ಟುತ್ತದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಒಂದೊಂದು ಸುತ್ತು ಹಾಕಿ ನೋಡಿ. ಅಲ್ಲಿ ಏನೂ ಇಲ್ಲದೆ, ನೇರ ರಸ್ತೆಯಲ್ಲಿ, ಹಗುರ ಒತ್ತಿಗೆ ಮಾತ್ರ ನಡುಕ ಬಂದರೆ ಮುಂದಿನ ಟೈರ್‌ಗೂ ಗೇರ್‌ಬಾಕ್ಸ್ ಒಳಗಿನ ಲಾಕಪ್ ಕ್ಲಚ್‌ಗೂ ಏನು ಸಂಬಂಧ ಅಂತ ಅವರೇ ಹೇಳಬೇಕಾಗುತ್ತದೆ. ವಾರಂಟಿ ವಾದದ ತಿರುಳು ಇದೇ. ಹೊರಗಿನ ಭಾಗ ಹಾಕಿಸಿದ್ದಕ್ಕೆ ಇಡೀ ವಾರಂಟಿ ಹಾರಿಹೋಗುವುದಿಲ್ಲ. ಆ ಭಾಗದಿಂದಲೇ ಈ ದೋಷ ಬಂತು ಅಂತ ಆದರೆ ಮಾತ್ರ ಅದಕ್ಕೆ ಸಂಬಂಧಿಸಿದ ರಿಪೇರಿಯನ್ನು ನಿರಾಕರಿಸುವುದು ನ್ಯಾಯ. ಅಮೆರಿಕದಲ್ಲಂತೂ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯೇ ಇದೆ. ನಮ್ಮದೇ ಬ್ರ್ಯಾಂಡಿನ ಬಿಡಿಭಾಗ ಬಳಸಿದರೆ ಮಾತ್ರ ವಾರಂಟಿ ಅಂತ ಷರತ್ತು ಹಾಕುವುದನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ. ಬೇರೆ ಕಡೆ ಕಾನೂನಿನ ಮಾತು ಬೇರೆ ಇರಬಹುದು. ಹಾಗಾಗಿ ನಿಮ್ಮ ವಾರಂಟಿ ಪುಸ್ತಕದ ‘ಒಳಗೊಳ್ಳದವು’ ಪುಟವನ್ನು ಸಾಲು ಸಾಲಾಗಿ ಓದಿ.

ಕಾಗದದ ಕೆಲಸ ಈಗ ಶುರು. ಜಾಬ್ ಕಾರ್ಡ್‌ನಲ್ಲಿ ಸರ್ವಿಸ್ ಅಡ್ವೈಸರ್ “ವೈಬ್ರೇಷನ್ ಚೆಕ್” ಅಂತ ಎರಡು ಪದ ಗೀಚುತ್ತಾರೆ. ಅದಕ್ಕೆ ಸಹಿ ಹಾಕಬೇಡಿ. ಪರೀಕ್ಷೆಯಲ್ಲಿ ಕಂಡದ್ದನ್ನು ಹೀಗೆ ಬರೆಸಿ: “70–90 ಕಿ.ಮೀ. ವೇಗ, ಅರ್ಧ ಗಂಟೆ ಓಡಿಸಿದ ಮೇಲೆ, ಸಮತಟ್ಟು ರಸ್ತೆ, ಹಗುರ ಒತ್ತು, ಮೇಲಿನ ಗೇರ್. ಒತ್ತು ಬಿಟ್ಟರೆ ನಿಲ್ಲುತ್ತದೆ. ಗೇರ್ ಇಳಿಸಿದರೆ ನಿಲ್ಲುತ್ತದೆ.” ಲಕ್ಷಣ ಮಾತ್ರ ಬರೆಸಿ, ಕಾರಣ ಬರೆಸಬೇಡಿ. “ಟಾರ್ಕ್ ಕನ್ವರ್ಟರ್ ಪರೀಕ್ಷಿಸಿ” ಅಂತ ನೀವೇ ಬರೆಸಿದರೆ ಅದನ್ನೊಂದೇ ನೋಡಿ “ಸರಿ ಇದೆ” ಅಂತ ಮುಚ್ಚಿಬಿಡುತ್ತಾರೆ. ಗಾಡಿ ವಾಪಸ್ ತೆಗೆದುಕೊಳ್ಳುವಾಗ ‘ತೃಪ್ತಿಯಾಗಿದೆ’ ಅನ್ನುವ ಜಾಗದಲ್ಲಿ ಸಹಿ ಕೇಳುತ್ತಾರೆ. ನಡುಕ ಹಾಗೇ ಇದ್ದರೆ ಸಹಿಯ ಮೇಲೆ “ಸಮಸ್ಯೆ ಮುಂದುವರಿದಿದೆ” ಅಂತ ಬರೆದು ಸಹಿ ಮಾಡಿ. ದಿನಾಂಕ, ಓಡೋಮೀಟರ್ ಓದು ಇರುವ ಪ್ರತಿ ಕೈಗೆ ಬರುವ ತನಕ ಹೊರಡಬೇಡಿ. ಅವರಿಗೆ ಏನೂ ಸಿಗದಿದ್ದರೂ ಆ ಕಾರ್ಡ್ ಬೇಕೇ ಬೇಕು. ವಾರಂಟಿ ಅವಧಿಯಲ್ಲಿ ದೂರು ದಾಖಲಾಗಿದೆ ಅನ್ನಲು ನಾಳೆ ನಿಮ್ಮ ಕೈಯಲ್ಲಿರುವುದು ಅದೊಂದೇ.

ಸರ್ವಿಸ್ ಅಡ್ವೈಸರ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ವಾರಂಟಿ ರಿಪೇರಿಯ ದುಡ್ಡನ್ನು ಡೀಲರ್ ಕಂಪನಿಯಿಂದ ವಸೂಲಿ ಮಾಡಬೇಕು. ಪುರಾವೆ ಇಲ್ಲದೆ ಭಾಗ ಬದಲಿಸಿದರೆ ಕಂಪನಿ ಆ ಕ್ಲೇಮ್ ತಿರಸ್ಕರಿಸಬಹುದು, ಕೊಟ್ಟ ಹಣ ಆಮೇಲೆ ವಾಪಸ್ ಕೇಳಬಹುದು. ಅದಕ್ಕೇ ಅವರಿಗೆ ಹಿಂಜರಿಕೆ. ನೀವು ಅವರ ಕೈಗೆ ಪುರಾವೆ ಕೊಟ್ಟರೆ ಅವರ ಕೆಲಸವೂ ಹಗುರ. ಆ್ಯಪ್‌ನ ಚಿತ್ರ, ಮುಳ್ಳು ತಡವರಿಸುವ ವಿಡಿಯೊ (ಪಕ್ಕದವರು ತೆಗೆದದ್ದು), ಒಬಿಡಿ ರೀಡರ್‌ನಲ್ಲಿ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಕೋಡ್ ಸಿಕ್ಕಿದ್ದರೆ ಅದರ ಫೋಟೊ. ಉದಾಹರಣೆಗೆ ಪಿ0741 ಅಂದರೆ ಲಾಕಪ್ ಕ್ಲಚ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಕೋಡ್ ಇಲ್ಲದೆಯೂ ನಡುಕ ಬರಬಹುದು, ಅದೂ ಸಾಮಾನ್ಯ. ಕೋಡ್ ಸಿಕ್ಕರೆ ಅಳಿಸಬೇಡಿ, ಬ್ಯಾಟರಿ ಕಳಚಬೇಡಿ. ಕೋಡ್ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ತಾಪಮಾನ ಎಲ್ಲ ಫ್ರೀಜ್ ಫ್ರೇಮ್ ಅನ್ನುವ ದಾಖಲೆಯಲ್ಲಿ ಕೂತಿರುತ್ತದೆ, ಅದೂ ಅಳಿಸಿಹೋಗುತ್ತದೆ. ಯಾರೋ ಹೇಳಿದರು ಅಂತ ಗೇರ್‌ಬಾಕ್ಸ್‌ಗೆ ಸುಮ್ನೆ ಯಾವುದೋ ಬಾಟಲಿ ಸುರಿಯಬೇಡಿ. ಅವರಿಗೆ ಬೇಕಾಗಿರುವುದೇ ಅಂಥದ್ದೊಂದು ಕಾರಣ.

“ಈ ಮಾಡೆಲ್ ಇರುವುದೇ ಹೀಗೆ” ಅನ್ನುವ ಮಾತಿಗೆ ಮದ್ದು ಸುಲಭ. ಅದೇ ಮಾಡೆಲ್‌ನ ಡೆಮೊ ಗಾಡಿಯನ್ನು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ತೋರಿಸಿ ಅನ್ನಿ. ಹಾಗೆ ಹೋಲಿಸಿ ನೋಡುವುದು ಕಂಪನಿಗಳ ರಿಪೇರಿ ಕೈಪಿಡಿಗಳಲ್ಲೇ ಇರುವ ವಿಧಾನ. ಎರಡೂ ನಡುಗಿದರೆ ಅವರ ಮಾತು ಒಪ್ಪಿಕೊಳ್ಳಬೇಕಾಗಬಹುದು. ಅಥವಾ ಎರಡರಲ್ಲೂ ಒಂದೇ ದೋಷ ಇರಬಹುದು! ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಿ: “ನನ್ನ ಚಾಸಿ ನಂಬರ್‌ಗೆ ಈ ನಡುಕದ ಬಗ್ಗೆ ಟೆಕ್ನಿಕಲ್ ಸರ್ವಿಸ್ ಬುಲೆಟಿನ್ ಇದೆಯಾ?” ಇದು ರೀಕಾಲ್ ಅಲ್ಲ. ಗೊತ್ತಿರುವ ತೊಂದರೆಗೆ ಹೀಗೆ ರಿಪೇರಿ ಮಾಡಿ ಅಂತ ಕಂಪನಿ ಡೀಲರ್‌ಗಳಿಗೆ ಕಳಿಸುವ ಸೂಚನೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಅಂತಹ ಸೂಚನೆಗಳನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ನಿಮ್ಮ ಗಾಡಿ ಅಥವಾ ಅದೇ ಗೇರ್‌ಬಾಕ್ಸ್ ಇರುವ ಗಾಡಿ ಅಲ್ಲಿಯೂ ಮಾರಾಟವಾಗುತ್ತಿದ್ದರೆ ಹುಡುಕಿ ನೋಡಿ. ಲಾಕಪ್ ನಡುಕಕ್ಕೆ ಸಾಮಾನ್ಯವಾಗಿ ಮೊದಲು ಗೇರ್ ಎಣ್ಣೆ ಬದಲಿಸುತ್ತಾರೆ, ಕೆಲವು ಸಲ ಸಾಫ್ಟ್‌ವೇರ್ ಹೊಸದು ಹಾಕುತ್ತಾರೆ. ಆದರೂ ಹೋಗದಿದ್ದರೆ ಕನ್ವರ್ಟರ್ ಬದಲಿಸುತ್ತಾರೆ. “ಎಣ್ಣೆ ವಾರಂಟಿಯಲ್ಲಿ ಬರುವುದಿಲ್ಲ” ಅಂದರೆ ಇದು ಮಾಮೂಲಿ ಸರ್ವಿಸ್ ಅಲ್ಲ, ದೋಷದ ರಿಪೇರಿಯ ಭಾಗ ಅಂತ ಹೇಳಿ.

ಆಮೇಲೂ ಇಲ್ಲ ಅಂದರೆ ಬಾಯಿಮಾತು ನಿಲ್ಲಿಸಿ ಇಮೇಲ್ ಬರೆಯಿರಿ. ಯಾವ ಭಾಗ ಕೆಟ್ಟಿದೆ, ವಾರಂಟಿಯ ಯಾವ ನಿಯಮದ ಪ್ರಕಾರ ನಿರಾಕರಿಸುತ್ತಿದ್ದೀರಿ, ಟೈರ್‌ನಿಂದ ಆ ಭಾಗ ಕೆಟ್ಟಿದ್ದು ಹೇಗೆ ಅಂತ ಕೇಳಿ. ಪ್ರತಿಯನ್ನು ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿ, ದೂರಿನ ಸಂಖ್ಯೆ ತೆಗೆದುಕೊಳ್ಳಿ, ಕಂಪನಿಯ ಸರ್ವಿಸ್ ಎಂಜಿನಿಯರ್ ಬಂದು ನೋಡಲಿ ಅಂತ ಕೇಳಿ. ಟೈರ್‌ನಿಂದಲೇ ಗೇರ್‌ಬಾಕ್ಸ್ ಕೆಟ್ಟಿತು ಅಂತ ಬರಹದಲ್ಲಿ ಹೇಳಲು ಯಾರೂ ಬೇಗ ಮುಂದೆ ಬರುವುದಿಲ್ಲ. ಹೇಳಿದರೂ ಒಳ್ಳೆಯದೇ. ಸ್ವತಂತ್ರ ತಜ್ಞರ ವರದಿ ಮಾಡಿಸಿ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಾಗ ಆ ಪತ್ರ ಬೇಕಾಗುತ್ತದೆ. ಆ ತಜ್ಞರು ಪರೀಕ್ಷೆ ಮಾತ್ರ ಮಾಡಲಿ, ಗೇರ್‌ಬಾಕ್ಸ್ ಬಿಚ್ಚುವುದು ಬೇಡ.

ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡರೆ ಸಾಕಾ ಅಂತಲೂ ಕೇಳಿದ್ದೀರಿ. ಈ ದೋಷಕ್ಕಾಗಿ ಅದನ್ನು ನಂಬಬೇಡಿ. ಬಹಳ ಕಡೆ ಅದು ಬೇರೆ ಸಂಸ್ಥೆಯ ಒಪ್ಪಂದ, ಮೊದಲೇ ಇದ್ದ ದೋಷಗಳನ್ನು ಹೊರಗಿಡುತ್ತದೆ. ನಿಮ್ಮ ದೂರು ಈಗಾಗಲೇ ದಾಖಲೆಯಲ್ಲಿದೆ. ಇದನ್ನು ಮೂಲ ವಾರಂಟಿಯಲ್ಲೇ ಮುಗಿಸಿಕೊಳ್ಳಿ.

ನಾಲ್ಕೂ ಟೈರ್‌ನ ಟ್ರೆಡ್ ಅಳತೆ, ಆ್ಯಪ್‌ನಲ್ಲಿ ಬಂದ ಹರ್ಟ್ಜ್, ಗೇರ್ ಎಣ್ಣೆ ಯಾವತ್ತಾದರೂ ಬದಲಾಗಿದೆಯಾ ಅನ್ನುವುದನ್ನು ಕೆಳಗೆ ಬರೆಯಿರಿ. ಗೇರ್‌ಬಾಕ್ಸ್ ಟಾರ್ಕ್ ಕನ್ವರ್ಟರ್ ಇರುವುದೋ ಡ್ಯುಯಲ್ ಕ್ಲಚ್ಚೋ (ಕನ್ವರ್ಟರ್ ಬದಲು ಎರಡು ಕ್ಲಚ್ ಇರುವುದು) ಅನ್ನುವುದನ್ನೂ ಮರೆಯದೆ ಹೇಳಿ. ಡ್ಯುಯಲ್ ಕ್ಲಚ್ ಆಗಿದ್ದರೆ ಲಾಕಪ್ ಬಗ್ಗೆ ಮೇಲೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ, ಬೇರೆ ಕಡೆಯಿಂದ ಹುಡುಕಬೇಕು.